ಸಮುದ್ರಕ್ಕೆ ಬೆನ್ನು

ಹನ್ನೊಂದು ಜಾಗ! ಬೆಳಗಿನ ಏಳರಿಂದ ಸಂಜೆ ಆರೂವರೆಯೊಳಗೆ, ಕರಾವಳಿ ರಸ್ತೆಯ ಉದ್ದಕ್ಕೂ ಹನ್ನೊಂದು ಜಾಗ ನೋಡಿ ಮುಗಿಸಬೇಕೆಂದು ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪಟ್ಟಿ ಮಾಡಿದ್ದರು. ನೋಡಿ ಮುಗಿಸುವುದಂತೆ! ಸಮುದ್ರವೇನು ತಟ್ಟೆಗೆ ಬಡಿಸಿದ ಊಟವೇ, ಮುಗಿಸಿ ಎದ್ದು ಕೈ ತೊಳೆಯುವುದಕ್ಕೆ? ಪಟ್ಟಿಯೆಂದರೆ ಅಂತಿಂಥ ಪಟ್ಟಿಯೂ ಅಲ್ಲ. ತಲುಪುವ ಸಮಯ, ಹೊರಡುವ ಸಮಯ, ನಿಲುಗಡೆ ಎಷ್ಟು ನಿಮಿಷ ಅಂತ ಮೂರು ಕಾಲಂ ಎಳೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ, ಕೆಳಗೆ ತಮ್ಮ ಸಹಿಯನ್ನೂ ಜಡಿದಿದ್ದರು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಲ್ಯಾಮಿನೇಟ್ ಮಾಡಿಕೊಟ್ಟವಳು ನಾನೇ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಎತ್ತಿ ಆಡಬಾರದು.

ಭಾವ ಮೂವತ್ತನಾಲ್ಕು ವರ್ಷ ಬಸ್ ಡಿಪೋದಲ್ಲಿ ಟೈಂ ಕೀಪರ್ ಆಗಿದ್ದವರು. ಬಸ್ಸು ಒಂದು ನಿಮಿಷ ತಡವಾಗಿ ಹೊರಟರೆ ಅವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ನಿವೃತ್ತಿಯ ದಿನ ಎಲ್ಲರೂ ಅವರಿಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು, ಇವರು ಅಲ್ಲಿನ ಸೀಟಿಯನ್ನೂ ಜೇಬಿಗಿಳಿಸಿಕೊಂಡು ಬಂದರು. ಆ ಸೀಟಿ ಈ ಪ್ರವಾಸಕ್ಕೂ ಬಂದಿತ್ತು. ಕೊರಳಲ್ಲಿ ನೇತಾಡುತ್ತಿತ್ತು.

ಈ ಪ್ರವಾಸ ಯಾಕೆ ಅಂತ ಮೊದಲು ಕೇಳಿ. ಅಕ್ಕನ ಕಣ್ಣು ಹೋಗುತ್ತಿದೆ. ನಮ್ಮಕ್ಕ ಶಾಲಾ ಸಮವಸ್ತ್ರ ಹೊಲಿಯುವವಳು. ಅವಳು ಹಾಕಿದ ಗುಂಡಿ ಮಗು ಎಳೆದರೂ ಬಿಡುವುದಿಲ್ಲ, ಮಗುವಿನ ತಮ್ಮ ಎಳೆದರೂ ಬಿಡುವುದಿಲ್ಲ. ಹೋದ ವರ್ಷದಿಂದ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದಳು. ಮೇಜಿನ ಮೇಲೆ ಇಟ್ಟೆ ಅಂದುಕೊಂಡ ಲೋಟ ನೆಲಕ್ಕೆ ಬೀಳತೊಡಗಿತು. ಸಂಜೆ ದೀಪ ಹಾಕುವ ಹೊತ್ತಿಗೆ ಗೋಡೆ ತಡವುತ್ತಿದ್ದಳು. ನಾವೆಲ್ಲ 'ಏನೇ ಇದು, ನಿನ್ನ ಗಮನ ಎಲ್ಲಿರುತ್ತೆ' ಅಂತ ಬೈದೆವು. ಅವಳೂ ಅದು ತನ್ನದೇ ತಪ್ಪು ಅಂದುಕೊಂಡು ಬೈಸಿಕೊಂಡಳು.

ಕಣ್ಣಿನ ಡಾಕ್ಟರಮ್ಮ ಒಂದು ಕಾಗದವನ್ನು ಕೊಳವೆ ಹಾಗೆ ಸುತ್ತಿ ನನ್ನ ಕೈಗೆ ಕೊಟ್ಟು, "ಇದರೊಳಗಿಂದ ನೋಡಿ. ನಿಮ್ಮಕ್ಕ ನೋಡೋದು ಹೀಗೆ," ಅಂದರು. ನೋಡಿದೆ. ಡಾಕ್ಟರಮ್ಮನ ಮೂಗು ಮಾತ್ರ ಕಂಡಿತು. "ಈ ಕೊಳವೆ ಇನ್ನೂ ಸಣ್ಣದಾಗ್ತಾ ಹೋಗುತ್ತೆ. ಮಬ್ಬು ಬೆಳಕಲ್ಲಿ ಈಗಾಗ್ಲೇ ಏನೂ ಕಾಣ್ಸಲ್ಲ. ಕತ್ತಲೆಯಿಂದ ಬಿಸಿಲಿಗೆ ಬಂದ್ರೆ ಕಣ್ಣು ಹೊಂದ್ಕೊಳ್ಳೋಕೆ ಐದಾರು ನಿಮಿಷ ಬೇಕು. ಹಗಲು ಹೊತ್ತಲ್ಲಿ, ನಿಧಾನಕ್ಕೆ, ಒಂದ್ಕಡೆಯಿಂದ ನೋಡ್ತಾ ಹೋಗ್ಬೇಕು ಅಷ್ಟೇ. ಏನಾದ್ರೂ ನೋಡೋ ಆಸೆ ಇದ್ರೆ ಈ ವರ್ಷವೇ ನೋಡ್ಬಿಡಿ."

ಅಕ್ಕ ಅಳಲಿಲ್ಲ. ಸೆರಗಿನ ಅಂಚು ಸವರುತ್ತ, "ಸಮುದ್ರ," ಅಂದಳು.

ಅರವತ್ತು ಹತ್ತಿರ ಬಂತು, ಅವಳು ಸಮುದ್ರ ನೋಡಿರಲಿಲ್ಲ. ಅವಳು ನೋಡಿದ್ದ ಒಂದೇ ಸಮುದ್ರ ನಮ್ಮ ಸ್ಟುಡಿಯೋದಲ್ಲಿತ್ತು. ಅಪ್ಪನ ಕಾಲದ ಫೋಟೋ ಸ್ಟುಡಿಯೋ ಅದು, ಈಗ ನಾನು ನಡೆಸುತ್ತೇನೆ. ಒಳಕೋಣೆಯ ಹಿಂಗೋಡೆಗೆ ಅಪ್ಪ ಯಾರಿಂದಲೋ ಬರೆಸಿದ ಪರದೆ ಇದೆ: ನೀಲಿ ಅಲೆ, ಎರಡು ಮರ, ಒಂದು ಹಾಯಿದೋಣಿ. ಒಮ್ಮೆ ಅದು ನಡುವೆ ಹರಿದಾಗ ಅಕ್ಕನೇ ಕೂತು ಅಲೆಗೆ ಅಲೆ ಸೇರಿಸಿ ಹೊಲಿದಳು. ಹೊಲಿಗೆ ಎಲ್ಲಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಾಗುವುದಿಲ್ಲ. "ನಿಜವಾದ್ದು ಇಷ್ಟು ನೀಲಿ ಇರುತ್ತೇನೇ ಪುಟ್ಟಿ?" ಅಂತ ಆಗ ಕೇಳಿದ್ದಳು. ನನಗೆ ಐವತ್ತೆರಡು. ಆದರೂ ಅವಳಿಗೆ ನಾನು ಪುಟ್ಟಿಯೇ.

ಇಷ್ಟು ಕೇಳಿಸಿಕೊಂಡ ಭಾವ ಮಾಡಿದ್ದೇನು? ಪಟ್ಟಿ!

ಮೊದಲ ಜಾಗ ಗುಡ್ಡದ ಮೇಲಿನ ಕಟ್ಟೆ. ತಲುಪುವುದು ಏಳು ಹತ್ತು, ಹೊರಡುವುದು ಏಳು ಇಪ್ಪತ್ತೆರಡು. ಕಾರು ನಿಂತಾಗ ಏಳು ಒಂಬತ್ತಾಗಿತ್ತು. ಒಂದು ನಿಮಿಷ ಉಳಿಯಿತೆಂದು ಭಾವನಿಗೆ ಹಿಡಿಸಲಾರದಷ್ಟು ಸಂತೋಷ. ಅಕ್ಕ ಬಾಗಿಲು ತೆರೆದು, ಕಾಲು ಊರಿ, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಳು. ಕೆಳಗೆ ಕಡಲು ಹೊಳೆಯುತ್ತಿತ್ತು, ಮೀನುಗಾರರ ದೋಣಿಗಳು ಒಂದರ ಹಿಂದೊಂದು ಒಳಗೆ ಬರುತ್ತಿದ್ದವು. ನನಗೆ ಬೆಳಕು ಕಂಡಿತು. ಬೆಳಗಿನ ಆ ಓರೆ ಬೆಳಕು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

"ಅಕ್ಕಾ, ಆ ಕಂಬಿ ಹತ್ರ ನಿಲ್ಲು. ಸ್ವಲ್ಪ ಎಡಕ್ಕೆ. ಗಲ್ಲ ಕೆಳಗೆ. ಭುಜ ಸಡಿಲ ಬಿಡು. ಕಣ್ಣು ಮಿಟುಕಿಸ್ಬೇಡ. ಇಲ್ಲಿ ನೋಡು, ಇಲ್ಲಿ ನನ್ನ ಕಡೆ."

ನಾಲ್ಕು ತೆಗೆದೆ. ಐದನೆಯದಕ್ಕೆ ಕ್ಯಾಮೆರಾ ಎತ್ತಿದ್ದೆ, ಪೀ ಅಂತ ಸೀಟಿ ಊದಿಬಿಟ್ಟರು! ಕಟ್ಟೆಯ ಮೇಲಿದ್ದ ಜನರೆಲ್ಲ ಪೊಲೀಸರು ಬಂದರೆಂದು ತಿರುಗಿ ನೋಡಿದರು.

"ಏನ್ ಭಾವ ಇದು, ನಾವೇನು ಬಸ್ಸಾ?"

"ಏಳು ಇಪ್ಪತ್ತೆರಡಮ್ಮ. ಇಲ್ಲಿ ತಡ ಆದ್ರೆ ಎಲ್ಲಾ ಕಡೆ ತಡ ಆಗುತ್ತೆ. ಒಂದು ಗಾಡಿ ತಡ ಆದ್ರೆ ಹಿಂದಿನ ಒಂಬತ್ತು ಗಾಡಿ ತಡ."

"ಅವಳಿನ್ನೂ ಕಣ್ಣು ಬಿಟ್ಟಿಲ್ಲ!"

"ಬಿಡೇ ಪುಟ್ಟಿ. ಇನ್ನೂ ಹತ್ತು ಜಾಗ ಇದೆಯಲ್ಲ," ಅಂತ ಅಕ್ಕ ಕಾರಿನೊಳಗೆ ತಲೆ ತಗ್ಗಿಸಿ ಕೂತಳು. ಕೂರುವಾಗ ಹಣೆ ಬಡಿದುಕೊಂಡಳು.

ನನ್ನ ಪಿತ್ತ ನೆತ್ತಿಗೇರಿತ್ತು. ಹಿಂದಿನ ಸೀಟಿನಲ್ಲಿ ದುಸುದುಸು ಅನ್ನುತ್ತಲೇ ಕೂತೆ. ಕಾರಿನ ಕಿಟಕಿಗೆ ಬಿಸಿಲು ಬೀಳಬಾರದೆಂದು ಭಾವ ಕಪ್ಪು ಬಟ್ಟೆ ಕಟ್ಟಿದ್ದರು. ಒಳಗೆ ಕತ್ತಲೆ, ಹೊರಗೆ ಬೆಂಕಿಯಂಥ ಬೆಳಕು. ಪ್ರತಿ ಸಲ ಇಳಿದಾಗಲೂ ಅಕ್ಕನ ಕಣ್ಣಿಗೆ ಅದೇ ಐದಾರು ನಿಮಿಷ ಬೇಕು. ಪಟ್ಟಿಯಲ್ಲಿ ಆ ಐದಾರು ನಿಮಿಷಕ್ಕೆ ಕಾಲಂ ಇರಲಿಲ್ಲ.

ಎರಡನೆಯದು ದೀಪಸ್ತಂಭ. ಹತ್ತುವುದಕ್ಕೆ ನೂರಾ ಎಂಟೋ ನೂರಾ ಹತ್ತೋ ಮೆಟ್ಟಿಲು. ಒಳಗೆ ಹೊಗೆಗೂಡಿನಷ್ಟು ಕತ್ತಲು. ಅಕ್ಕ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಭುಜಕ್ಕೆ ಕೊಟ್ಟು ಹತ್ತಿದಳು. ಹಿಂದಿನಿಂದ ಭಾವ, "ಮೂರು ನಿಮಿಷ ಆಯ್ತು, ನಾಲ್ಕು ನಿಮಿಷ ಆಯ್ತು," ಅಂತ ಎಣಿಸುತ್ತ ಬಂದರು. ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಏದುಸಿರು ಬಿಡುತ್ತ ಮೇಲೆ ತಲುಪಿದರೆ, ಅಲ್ಲಿ ಕಾಲಿಡಲು ಜಾಗವಿಲ್ಲ. ಸುತ್ತಲಿನ ಕಟಕಟೆಗೆ ಜನ ಬೆನ್ನು ಒರಗಿಸಿ ನಿಂತು, ಉದ್ದ ಕೋಲಿನ ತುದಿಯಲ್ಲಿ ಫೋನು ಸಿಕ್ಕಿಸಿಕೊಂಡು ತಮ್ಮ ತಮ್ಮ ಹಲ್ಲು ತಾವೇ ನೋಡಿಕೊಳ್ಳುತ್ತಿದ್ದರು. ಒಬ್ಬನಾದರೂ, ಒಬ್ಬಳಾದರೂ ತಿರುಗಿ ನೀರು ನೋಡಿದರೆ ಕೇಳಿ!

ಅಕ್ಕ ಹೇಗೋ ನುಸುಳಿ ಕಂಬಿ ಹಿಡಿದು ನಿಂತಳು. ಎಡಗಡೆಯಿಂದ ಮೆಲ್ಲಗೆ ಕತ್ತು ತಿರುಗಿಸಲು ಶುರು ಮಾಡಿದ್ದಳು, ಅಷ್ಟರಲ್ಲಿ ಕಪ್ಪು ಕನ್ನಡಕದವನೊಬ್ಬ ಬಂದ.

"ಆಂಟೀ, ಸ್ವಲ್ಪ ಈ ಕಡೆ ಬರ್ತೀರಾ? ನಮ್ಮ ಫೋಟೋದಲ್ಲಿ ನೀವು ಬರ್ತಿದೀರ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಫೋಟೋದಲ್ಲಿ ಅವಳು ಬಂದಿಲ್ಲಪ್ಪಾ, ಅವಳ ಸಮುದ್ರದಲ್ಲಿ ನೀನು ಬಂದಿದೀಯ! ನಿನಗೆ ಇನ್ನೂ ಐವತ್ತು ವರ್ಷ ಕಣ್ಣಿರುತ್ತೆ, ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇಲ್ವಾ?"

ಅವನು ಪಾಪ ಹೆದರಿಯೇ ಹೋದ. ಕೋಲು ಮಡಚಿಕೊಂಡು ಮೂಲೆಗೆ ಸರಿದ. ಸುತ್ತಲಿದ್ದವರೂ ಜಾಗ ಬಿಟ್ಟರು. ನನಗೆ ಗೆದ್ದೆ ಅನ್ನಿಸಿತು. ಗೆದ್ದ ಜಾಗವನ್ನು ಬಿಡುವುದುಂಟೇ? "ಅಕ್ಕಾ, ಅಲ್ಲೇ ನಿಲ್ಲು, ಜಾಗ ಚೆನ್ನಾಗಿದೆ. ಈ ಕಡೆ ತಿರುಗು. ಗಲ್ಲ ಕೆಳಗೆ," ಅಂತ ಆರು ಫೋಟೋ ತೆಗೆದೆ. ಅಷ್ಟರಲ್ಲಿ ಸೀಟಿ.

ಮೂರನೆಯ ಜಾಗದ ಕತೆ ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಮರಳ ದಂಡೆಯ ಮೇಲೆ ಯಾರೋ ಪುಣ್ಯಾತ್ಮರು ಬಾಗಿಲಿನಷ್ಟು ದೊಡ್ಡ ಮರದ ಚೌಕಟ್ಟು ನೆಟ್ಟು, ಹೂವಿನ ಬಣ್ಣ ಬಳಿದು, ಅದರೊಳಗೆ ನಿಂತು ಫೋಟೋ ತೆಗೆಸಿಕೊಳ್ಳಿ ಅಂತ ಬೋರ್ಡು ಹಾಕಿದ್ದರು. ಸುತ್ತ ಇಷ್ಟು ದೊಡ್ಡ ಕಡಲು ಬಿದ್ದುಕೊಂಡಿದೆ. ಜನ ಅದನ್ನು ಬಿಟ್ಟು ಆ ಚೌಕಟ್ಟಿನ ಮುಂದೆ ಸಾಲು ನಿಂತಿದ್ದರು! ಭಾವ ನಮ್ಮನ್ನೂ ನಿಲ್ಲಿಸಿದರು. ಪಟ್ಟಿಯಲ್ಲಿ ಇದಕ್ಕೆ ಹದಿನೆಂಟು ನಿಮಿಷ ಕೊಟ್ಟಿದ್ದರು. ಹದಿನೇಳು ನಿಮಿಷ ಸಾಲಿನಲ್ಲಿ ಮುಂದಿನವರ ಬೆನ್ನು ನೋಡಿದೆವು.

"ಭಾವ, ಇದೆಲ್ಲ ಬಿಟ್ಟು ಅವಳನ್ನ ಆ ಮರಳ ಮೇಲೆ ಕೂರಿಸ್ಬಾರ್ದಾ? ಅವಳು ಬಂದಿರೋದು ನೋಡೋಕೆ."

"ಅಲ್ಲಮ್ಮ, ಇಷ್ಟು ದೂರ ಬಂದು ಫೋಟೋ ಇಲ್ಲದೆ ಹೋದ್ರೆ ಏನ್ ಬಂತು? ಫೋಟೋ ಇದ್ರೆ ಮನೇಲಿ ಕೂತು ಎಷ್ಟೊತ್ತು ಬೇಕಾದ್ರೂ ನೋಡ್ಬಹುದು."

ಕಣ್ಣು ಹೋಗುತ್ತಿರುವವಳ ಗಂಡ ಆಡುವ ಮಾತೇ ಇದು! ನನ್ನ ಬಾಯಿಗೆ ಬಂದಿದ್ದನ್ನೆಲ್ಲ ಅಲ್ಲಿ ಆಡಿದ್ದರೆ ಸಾಲಿನಲ್ಲಿದ್ದ ಮಕ್ಕಳು ಕೆಟ್ಟುಹೋಗುತ್ತಿದ್ದರು. ಹಲ್ಲು ಕಚ್ಚಿಕೊಂಡೆ. ನಮ್ಮ ಸರದಿ ಬಂತು. ಅಕ್ಕ ಚೌಕಟ್ಟಿನೊಳಗೆ ನಿಂತಳು. ಭಾವ ಪಕ್ಕದಲ್ಲಿ ನಿಂತು ಹೊಟ್ಟೆ ಒಳಗೆಳೆದುಕೊಂಡರು. ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಕ್ಯಾಮೆರಾಗೆ ಇಟ್ಟು, "ಅಕ್ಕಾ, ಇಲ್ಲಿ ನೋಡು," ಅಂದೆ.

ಊಟಕ್ಕೆ ರಸ್ತೆ ಬದಿಯ ಹೋಟೆಲು. ಕಿಟಕಿಯಾಚೆ ಕಡಲು ಕಾಣುವ ಒಂದೇ ಮೇಜು ಖಾಲಿ ಇತ್ತು. ಕಿಟಕಿಯ ಕಡೆ ಮುಖ ಮಾಡಿದ ಎರಡು ಕುರ್ಚಿ, ಗೋಡೆಯ ಕಡೆ ಮುಖ ಮಾಡಿದ ಒಂದು. ಕಾರು ಕಣ್ಣಿಗೆ ಬೀಳುತ್ತಿರಬೇಕೆಂದು ಭಾವ ಕಿಟಕಿ ಎದುರು ಕೂತರು. ತೆಗೆದ ಫೋಟೋ ನೋಡಿಕೊಳ್ಳಲು ಬೆಳಕು ಬೇಕೆಂದು ನಾನು ಅವರ ಪಕ್ಕ ಕೂತೆ. ಅಕ್ಕ ಗೋಡೆ ನೋಡುತ್ತ ಊಟ ಮಾಡಿದಳು. ಗೋಡೆಯ ಮೇಲೆ ಕೈ ತೊಳೆಯುವ ಜಾಗದ ಬಾಣದ ಗುರುತಿತ್ತು.

"ರೀ," ಅಂದಳು ಅಕ್ಕ, ಮೆಲ್ಲಗೆ, ತಟ್ಟೆಯ ಅಂಚನ್ನು ಬೆರಳಲ್ಲಿ ಹುಡುಕುತ್ತ. "ಎಲ್ಲಾದ್ರೂ ಒಂದ್ಕಡೆ ಸುಮ್ನೆ ಕೂರೋಣ. ಒಂದೇ ಕಡೆ ಸಾಕು. ನಂಗೆ ಒಂದ್ಕಡೆಯಿಂದ ಇನ್ನೊಂದ್ಕಡೆವರೆಗೂ ನೋಡ್ಬೇಕು. ಅದಕ್ಕೆ ಹೊತ್ತು ಹಿಡಿಯುತ್ತೆ."

ಭಾವ ಪಟ್ಟಿ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇಲ್ನೋಡೇ. ಹನ್ನೊಂದನೇದು. ಸೂರ್ಯಾಸ್ತದ ದಂಡೆ. ಅಲ್ಲಿ ಹೊರಡೋ ಟೈಮೇ ಹಾಕಿಲ್ಲ! ಎದುರಿಗೇ ಲಾಡ್ಜು. ಎಷ್ಟೊತ್ತು ಬೇಕಾದ್ರೂ ಕೂತ್ಕೋ. ನಿನಗೋಸ್ಕರವೇ ಖಾಲಿ ಬಿಟ್ಟಿದೀನಿ."

ಮೂವತ್ತನಾಲ್ಕು ವರ್ಷದಲ್ಲಿ ಅವರು ಖಾಲಿ ಬಿಟ್ಟ ಒಂದೇ ಒಂದು ಕಾಲಂ ಅದಿರಬೇಕು. ಅಕ್ಕನ ಮುಖ ಅರಳಿತು. ನನ್ನ ಸಿಟ್ಟೂ ಅರ್ಧ ಇಳಿಯಿತು. ಇರಲಿ, ಮುದುಕನಿಗೆ ಹೆಂಡತಿಯ ನೆನಪಿದೆಯಲ್ಲ ಅಂದುಕೊಂಡೆ. ಸೂರ್ಯಾಸ್ತದ ಬೆಳಕಂತೂ ನನಗೆ ಬೇಕೇ ಬೇಕಿತ್ತು, ಇಡೀ ದಿನ ಅದನ್ನೇ ಕಾಯುತ್ತಿದ್ದೆ. ಮೇಜಿನ ಸುತ್ತ ಮೂರು ಜನ ಕೂತಿದ್ದೆವು. ಡಾಕ್ಟರಮ್ಮ ಹೇಳಿದ್ದು ಮೂವರ ಕಿವಿಗೂ ಬಿದ್ದಿತ್ತು. ಅಕ್ಕನಿಗೂ ಆ ಹೊತ್ತಿನ ಆಸೆಯಲ್ಲಿ ಅದು ಮರೆತಿತ್ತೋ, ಗಂಡ ಕೊಟ್ಟಿದ್ದನ್ನು ಬೇಡ ಅನ್ನಲಾರದೆ ಸುಮ್ಮನಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮಧ್ಯಾಹ್ನದ ಮೇಲೆ ಹಳೇ ಕೋಟೆಯ ಗೋಡೆ, ಸೇತುವೆ, ಮೀನು ಇಳಿಸುವ ಕಟ್ಟೆ, ಆನೆಯ ಹಾಗಿದೆ ಅನ್ನುವ ಬಂಡೆ, ಇನ್ನೂ ಏನೇನೋ. ಆನೆಯ ಹಾಗೆ ಅದು ನನಗೆ ಕಾಣಲಿಲ್ಲ, ಗೂನುಬೆನ್ನಿನ ಎಮ್ಮೆಯ ಹಾಗಿತ್ತು. ಎಲ್ಲ ಕಡೆಯೂ ಅದೇ ಗೋಳು. ಇಳಿ, ನಿಲ್ಲು, ನೋಡು, ಹತ್ತು. ಮೀನು ಇಳಿಸುವ ಕಡೆ ಬುಟ್ಟಿ ಹೊತ್ತ ಒಬ್ಬ ಹೆಂಗಸು ಅಕ್ಕನಿಗೆ ಡಿಕ್ಕಿ ಹೊಡೆದು, "ಕಣ್ ಕಾಣ್ಸಲ್ವಾ?" ಅಂದಳು. "ಕಾಣ್ಸುತ್ತಮ್ಮ, ಸ್ವಲ್ಪ," ಅಂದಳು ಅಕ್ಕ. ನಾನು ಜಗಳಕ್ಕೆ ಮುಂದಾದೆ. ಅಕ್ಕ ನನ್ನ ರಟ್ಟೆ ಹಿಡಿದುಕೊಂಡಳು.

ಸೂರ್ಯಾಸ್ತದ ದಂಡೆಗೆ ತಲುಪಿದ್ದು ಆರು ಹದಿನೈದಕ್ಕೆ. ಪಟ್ಟಿಯಲ್ಲಿದ್ದದ್ದೂ ಆರು ಹದಿನೈದೇ. ಭಾವ ಪಟ್ಟಿಯನ್ನು ಎರಡು ಸಲ ತೊಡೆಗೆ ಬಡಿದುಕೊಂಡರು. "ಹನ್ನೊಂದಕ್ಕೆ ಹನ್ನೊಂದು! ಒಂದೂ ತಪ್ಪಿಲ್ಲ!"

ನಾನೂ ಖುಷಿಯಾಗಿಯೇ ಇದ್ದೆ. ಎಂಥ ಬೆಳಕು ಅಂತೀರಿ! ಸೂರ್ಯ ನೀರಿಗೆ ಮುಟ್ಟಲು ಒಂದೇ ಬೆರಳು ಉಳಿದಿತ್ತು. ಮರಳೆಲ್ಲ ತಾಮ್ರ. ಅಕ್ಕನನ್ನು ನೀರಿನ ಅಂಚಿನ ತನಕ ಕೈಹಿಡಿದು ಕರೆದುಕೊಂಡು ಹೋದೆ. "ಒಂದೇ ಒಂದು ಫೋಟೋ ಅಕ್ಕಾ. ಇದೊಂದು ಆಗ್ಬಿಟ್ರೆ ಆಮೇಲೆ ನಿನ್ನ ತಂಟೆಗೆ ಬರಲ್ಲ. ಆಣೆಗೂ." ಸೂರ್ಯನನ್ನು ಅವಳ ಬೆನ್ನಿಗೆ ಹಾಕಿ ನಿಲ್ಲಿಸಿದೆ. ಬೆಳಕು ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ, ಅದು ಸ್ಟುಡಿಯೋದ ಮೊದಲ ಪಾಠ. ಫ್ಲಾಶ್ ಹಾಕಿದೆ. ಒಂದರಲ್ಲಿ ಅವಳು ಕಣ್ಣು ಮುಚ್ಚಿದಳು. "ಮಿಟುಕಿಸ್ಬೇಡ ಅಂದ್ನಲ್ಲ," ಅಂತ ಇನ್ನೊಂದು ಹಾಕಿದೆ. ಮತ್ತೊಂದು. ಐದನೆಯದು ನೆಟ್ಟಗೆ ಬಂತು. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅಂಥದ್ದು ಬಂದಿರಲಿಲ್ಲ.

"ಆಯ್ತು! ಈಗ ತಿರುಗು. ಈಗ ಎಷ್ಟೊತ್ತು ಬೇಕಾದ್ರೂ ನೋಡು. ಯಾರೂ ಸೀಟಿ ಊದಲ್ಲ."

ಅಕ್ಕ ತಿರುಗಿದಳು. ಹಣೆಗೆ ಕೈ ಅಡ್ಡ ಹಿಡಿದು ಕಾಯುತ್ತ ನಿಂತಳು. ಒಂದು ನಿಮಿಷ, ಎರಡು, ಐದು. ಸೂರ್ಯ ಮುಳುಗಿದ. ಜನರೆಲ್ಲ ಚಪ್ಪಾಳೆ ಹೊಡೆದರು, ಅದೇನು ಅವನು ಇವರ ಅಪ್ಪಣೆಗೆ ಮುಳುಗಿದ ಹಾಗೆ. ಅಕ್ಕ ಕೈ ಇಳಿಸಿ, ಕತ್ತನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ತಿರುಗಿಸಿದಳು.

"ಪುಟ್ಟೀ, ಸಮುದ್ರ ಯಾವ ಕಡೆಗೇ?"

ಅವಳು ಅಲ್ಲಿ ಕಾಲು ನೆನೆಯುವಷ್ಟು ಹತ್ತಿರ ನಿಂತಿದ್ದಳು.

"ಎದುರಿಗೇ ಇದೆಯಲ್ಲ ಅಕ್ಕಾ."

"ಸದ್ದು ಕೇಳ್ತಿದೆ. ಮೊದ್ಲು ಎಲ್ಲ ಬಿಳಿ ಬಿಳಿ ಆಗಿತ್ತು. ಈಗ ಕಪ್ಪು."

ನನಗೆ ಬಂದದ್ದು ಸಿಟ್ಟು. ಎಂಥ ಸಿಟ್ಟು! ಮರಳಲ್ಲಿ ಕಾಲು ಹೂತುಹೋಗುತ್ತಿದ್ದರೂ ಓಡಿದೆ. ಭಾವ ಮೆಟ್ಟಿಲ ಮೇಲೆ ಕೂತು ಬೂಟಿನ ಮರಳು ಕೊಡವುತ್ತಿದ್ದರು.

"ಭಾವ! ಸಂಜೆ ಅವಳಿಗೆ ಕಣ್ಣು ಕಾಣುತ್ತೇನ್ರೀ? ಡಾಕ್ಟರಮ್ಮ ಹೇಳಿದ್ದು ನಿಮ್ಮ ತಲೆಗೆ ಹೋಗ್ಲಿಲ್ವಾ? ಬಿಸಿಲಿರೋತನಕ ಕಾರಲ್ಲಿ ತುಂಬ್ಕೊಂಡು ಓಡಿಸಿ, ಕತ್ತಲಾದ್ಮೇಲೆ ನೋಡ್ಕೋ ಅಂತ ಬಿಡ್ತೀರಲ್ಲ, ನೀವೇನು ಮನುಷ್ಯರಾ? ಒಂದು ಸಮುದ್ರ ಕೇಳಿದ್ಳು ಅವಳು. ಚಿನ್ನ ಕೇಳಿದ್ಳಾ, ಸೈಟ್ ಕೇಳಿದ್ಳಾ? ಇಡೀ ದಿನದಲ್ಲಿ ಒಂದು ಹನಿ ನೀರು ನೋಡೋಕೆ ಬಿಡ್ಲಿಲ್ಲ ನೀವು ಅವಳಿಗೆ!"

ದಂಡೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ನೋಡಲಿ. ಭಾವ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದರು, ಇನ್ನೊಂದು ಕೈಯಲ್ಲಿತ್ತು.

"ಮರೆತುಬಿಟ್ಟೆ," ಅಂದರು. "ಒಂದೂ ತಪ್ಪಬಾರ್ದು ಅಂತಿದ್ದೆ. ಇನ್ನು ಕರ್ಕೊಂಡ್ ಬರೋಕಾಗಲ್ಲ, ಒಂದೇ ಸಲಕ್ಕೆ ಎಲ್ಲಾ ತೋರಿಸ್ಬಿಡಬೇಕು ಅಂತ. ಮರೆತೇ ಬಿಟ್ಟೆ ನೋಡು." ಪಟ್ಟಿಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು. ಪ್ಲಾಸ್ಟಿಕ್ ಹಾಕಿದ್ದಕ್ಕೆ ಅದಕ್ಕೆ ಏನೂ ಅಂಟಿರಲಿಲ್ಲ.

ಅಕ್ಕ ಸದ್ದು ಹಿಡಿದು ನಮ್ಮ ಹತ್ತಿರಕ್ಕೆ ಬಂದಿದ್ದಳು, ಎರಡು ಕೈಯನ್ನೂ ಮುಂದೆ ಚಾಚಿಕೊಂಡು.

"ಅವರನ್ನ ಯಾಕೆ ಬೈತೀಯೇ? ನಾನೇನು ಏನೂ ನೋಡ್ಲಿಲ್ವಾ?"

"ಏನ್ ನೋಡಿದೆ ನೀನು? ಹೇಳು, ಏನ್ ನೋಡಿದೆ?"

"ನಿನ್ನ ನೋಡಿದೆ," ಅಂದಳು ಅಕ್ಕ, ನಗುತ್ತ. ಅವಳ ನಗುವಿನಲ್ಲಿ ಕೊಂಕು ಇರಲಿಲ್ಲ, ಆಣೆಗೂ ಇರಲಿಲ್ಲ. "ಬೆಳಗ್ಗೆಯಿಂದ ನಿನ್ನನ್ನೇ ನೋಡಿದ್ದು. ಒಂದು ಕಣ್ಣು ಮುಚ್ಕೊಂಡು, ನಾಲಿಗೆ ತುದಿ ಹೊರಗೆ ಹಾಕ್ಕೊಂಡು. ಚಿಕ್ಕವಳಿದ್ದಾಗ ಅಪ್ಪನ ಕ್ಯಾಮೆರಾ ಹಿಡಿದ್ರೆ ಹೀಗೇ ನಾಲಿಗೆ ಹಾಕ್ತಿದ್ದೆ. ಕೂದಲು ಎಷ್ಟು ಬೆಳ್ಳಗಾಗಿದೆಯೇ ನಿಂದು, ನಂಗೆ ಗೊತ್ತೇ ಇರ್ಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡು ಲಾಡ್ಜಿನ ಕಡೆ ನಡೆದೆ.

ಲಾಡ್ಜಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಕ್ಯಾಮೆರಾ ತೆರೆದೆ. ಇನ್ನೂರ ಹದಿನಾಲ್ಕು ಫೋಟೋ. ಒಂದೊಂದಾಗಿ ಒತ್ತುತ್ತ ಹೋದೆ. ಗುಡ್ಡದ ಕಟ್ಟೆ: ಅಕ್ಕ ನನ್ನನ್ನು ನೋಡುತ್ತಿದ್ದಾಳೆ, ಬೆನ್ನ ಹಿಂದೆ ಕಡಲು. ದೀಪಸ್ತಂಭ: ಆ ಕನ್ನಡಕದವನನ್ನು ಅಟ್ಟಿ ನಾನು ಗೆದ್ದುಕೊಟ್ಟ ಜಾಗ, ಅಕ್ಕ ನನ್ನನ್ನು ನೋಡುತ್ತಿದ್ದಾಳೆ, ಬೆನ್ನ ಹಿಂದೆ ಕಡಲು. ಚೌಕಟ್ಟು, ಕೋಟೆ, ಸೇತುವೆ, ಬಂಡೆ. ಭಾವ ಕೊಟ್ಟ ಹನ್ನೆರಡು ನಿಮಿಷದಲ್ಲಿ ಅವಳ ಕಣ್ಣಿಗೆ ಬೇಕಿದ್ದ ಆರು ಹೋದರೂ ಆರು ಉಳಿಯುತ್ತಿತ್ತು. ಆ ಆರನ್ನು ತೆಗೆದುಕೊಂಡವಳು ನಾನು. ಸೂರ್ಯ ಮುಳುಗುವ ಮುಂಚಿನ ಕೊನೆಯ ಬೆಳಕಲ್ಲಿ ಅವಳ ಕಣ್ಣೊಳಗೆ ಐದು ಸಲ ಫ್ಲಾಶ್ ಹೊಡೆದವಳೂ ನಾನೇ. ಭಾವನಾದರೂ ಮರೆತರು. ನಾನು ಮರೆಯಲೂ ಇಲ್ಲ, ಯೋಚಿಸಲೇ ಇಲ್ಲ. ಮುಖ ಕಂಡರೆ ನನ್ನ ಕಡೆ ತಿರುಗಿಸುವುದು, ಅಷ್ಟೇ ನನಗೆ ಗೊತ್ತಿರುವುದು. ಥೂ, ನನ್ನ ಕಸುಬಿಗಿಷ್ಟು ಬೆಂಕಿ ಬೀಳಲಿ!

ಇನ್ನೂರ ಹದಿನಾಲ್ಕನ್ನೂ ನಮ್ಮ ಒಳಕೋಣೆಯ ಪರದೆಯ ಮುಂದೆಯೇ ತೆಗೆಯಬಹುದಿತ್ತು. ಅವಳೇ ಹೊಲಿದ ಸಮುದ್ರ, ಅವಳ ಬೆನ್ನಿಗೆ.

ಗೋಡೆಯಾಚೆ ಭಾವ ಯಾರನ್ನೋ ಕೇಳುತ್ತಿದ್ದರು, ಬೆಳಗ್ಗೆ ಎಷ್ಟೊತ್ತಿಗೆ ಪೂರ್ತಿ ಬೆಳಕಾಗುತ್ತದೆ ಅಂತ.

ಮರುದಿನ ಪಟ್ಟಿಯ ಪ್ರಕಾರ ಏಳೂವರೆಗೆ ವಾಪಸು ಹೊರಡಬೇಕಿತ್ತು. ಏಳೂವರೆಗೆ ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಚೀಲವನ್ನು ಮಂಚದ ಕೆಳಗೆ ತಳ್ಳಿ, ಅಕ್ಕನ ಕೋಣೆಗೆ ಹೋದೆ. ಕೋಣೆ ಖಾಲಿ. ಕೆಳಗಿಳಿದು ನೋಡಿದರೆ ಭಾವ ಲಾಡ್ಜಿನ ಪಡಸಾಲೆಯ ಬೆತ್ತದ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತುಕೊಂಡು ಮರಳಲ್ಲಿ ಹೋಗುತ್ತಿದ್ದರು. ಅಕ್ಕ ಅವರ ಅಂಗಿ ಹಿಡಿದುಕೊಂಡು ಹಿಂದೆ ಹಿಂದೆ. ಲಾಡ್ಜಿನವನು, "ಸಾರ್, ಕುರ್ಚಿ ಹೊರಗೆ ತಗೊಂಡ್ ಹೋಗ್ಬಾರ್ದು," ಅಂತ ಕೂಗುತ್ತಿದ್ದ. ಅವನ ಕೂಗನ್ನು ನಾನು ನೋಡಿಕೊಂಡೆ. ಎರಡೇ ಮಾತಿಗೆ ಅವನು ಒಳಗೆ ಹೋದ.

ಭಾವ ಕುರ್ಚಿಯನ್ನು ನೀರಿನ ಕಡೆ ಮುಖ ಮಾಡಿ ಊರಿ, ಅಲ್ಲಾಡುತ್ತದೋ ಅಂತ ತಾವೇ ಒಮ್ಮೆ ಕೂತು ನೋಡಿ, ಅಕ್ಕನನ್ನು ಕೂರಿಸಿದರು. ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ನೀರಿನ ಮೇಲೆ ಬಿದ್ದಿತ್ತು. ಪರದೆಯಷ್ಟು ನೀಲಿ ಇರಲಿಲ್ಲ ಅದು. ಒಂದು ಕಡೆ ಹಸಿರು, ಒಂದು ಕಡೆ ಬೂದಿ ಬಣ್ಣ, ದೂರದಲ್ಲಿ ಮಾತ್ರ ನೀಲಿ. ಭಾವ ಹತ್ತು ಹೆಜ್ಜೆ ಹಿಂದೆ ಹೋಗಿ, ಕೈ ಕಟ್ಟಿಕೊಂಡು ನಿಂತರು. ಅವರ ಕೊರಳಲ್ಲಿ ಸೀಟಿ ಹಾಗೇ ಇತ್ತು, ಊದಲಿಲ್ಲ.

ಅಕ್ಕ ಕಣ್ಣು ಹೊಂದಿಕೊಳ್ಳುವ ತನಕ ಕಾದಳು. ಆಮೇಲೆ ಎಡ ತುದಿಯಿಂದ, ಬಂಡೆಗಳಿರುವ ಕಡೆಯಿಂದ, ಕತ್ತನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸತೊಡಗಿದಳು. ಹೊಲಿಗೆ ಹಾಕುವಾಗ ಬಟ್ಟೆ ಸರಿಸುವ ಹಾಗೆ. ನಡುನಡುವೆ ನಿಲ್ಲಿಸುತ್ತಿದ್ದಳು, ಅಲೆಯೊಂದು ಬಂದು ಒಡೆಯುವುದನ್ನು ಪೂರ್ತಿ ನೋಡಿ ಮತ್ತೆ ಮುಂದಕ್ಕೆ. ಅವಳ ಬಾಯಿ ತಾನಾಗಿ ತೆರೆದುಕೊಂಡಿತ್ತು. ಹುಬ್ಬು ಮೇಲೇರಿತ್ತು. ಆ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೂವತ್ತು ವರ್ಷ ಗಲ್ಲ ಕೆಳಗೆ, ಭುಜ ಸಡಿಲ ಅಂತ ಜನರ ಮುಖ ತೆಗೆದವಳಿಗೆ ಅಂಥ ಒಂದು ಮುಖ ಸಿಕ್ಕಿರಲಿಲ್ಲ. ಕೈಯಲ್ಲಿ ಕ್ಯಾಮೆರಾ ಇಲ್ಲ, ಬೇಕೂ ಇರಲಿಲ್ಲ. ಸುಮ್ಮನೆ ನೋಡುತ್ತ ನಿಂತೆ.

ಎಷ್ಟು ಹೊತ್ತಾಯಿತೋ. ಅವಳ ಕತ್ತು ತಿರುಗುತ್ತ ತಿರುಗುತ್ತ ಬಂದು ನಿಂತಿತು. ಅವಳ ಹುಬ್ಬು ಗಂಟಿಕ್ಕಿತು.

"ಎಲ್ಲಿಗೆ ಬಂತೇ?" ಅಂತ ಹಿಂದಿನಿಂದ ಭಾವ ಕೇಳಿದರು.

"ಇನ್ನೂ ಅರ್ಧ ಆಗಿಲ್ಲ ರೀ. ಬಂಡೆ ಹತ್ರದಿಂದ ಶುರು ಮಾಡಿದೆ, ಇಲ್ಲೀತನಕ ಬಂದೆ. ಈಗ ಪುಟ್ಟಿ ಬಂದ್ಳು." ಅಕ್ಕ ಕೈ ಎತ್ತಿ, ಗಿರಾಕಿಯನ್ನು ಅಳತೆಗೆ ತಿರುಗಿಸುವ ಹಾಗೆ ಬೆರಳಾಡಿಸಿದಳು. "ಸ್ವಲ್ಪ ಆ ಕಡೆ ಸರಿಯೇ. ಸಮುದ್ರ ಕಾಣಲ್ಲ."

ನಾನು ನೀರಿಗೆ ಬೆನ್ನು ಹಾಕಿ, ಅವಳ ಎದುರಿಗೆ ನಿಂತಿದ್ದೆ.

ಸರಿದು, ಕುರ್ಚಿಯ ಹಿಂದೆ ಹೋಗಿ ಭಾವನ ಪಕ್ಕ ನಿಂತುಕೊಂಡೆ. ಅವರು ವಾಚು ನೋಡಲಿಲ್ಲ. ಅಕ್ಕ ಬಿಟ್ಟ ಜಾಗದಿಂದ ಮತ್ತೆ ಶುರು ಮಾಡಿದಳು.